ಬಾಯಿ ನನ್ನದು, ದನಿ ಬೆಂಗಳೂರಿನದು

ನಮ್ಮೂರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಊರಿನವರಿಗೆ ಸಿಟ್ಟು ಬರುತ್ತದೆ. ಮುಧೋಳ ತಾಲೂಕಿನ ಊರು, ತಿಮ್ಮಾಪುರದ ನಾಯಿ ಸಾಕುವ ಕೇಂದ್ರದಿಂದ ಬಹಳ ದೂರವಿಲ್ಲ ಎಂದಷ್ಟೇ ಹೇಳಬಲ್ಲೆ. ಕುರಿ, ಹೊಲ ಎರಡೂ ಇದ್ದ ಮನೆ ನಮ್ಮದು. ಮನೆದೇವರು ಬೀರೇಶ್ವರ. ಅಪ್ಪನಿಗೆ ಸಿನಿಮಾ ಹುಚ್ಚು, ಅವ್ವನಿಗೆ ಅಪ್ಪನ ಆ ಹುಚ್ಚಿನ ಮೇಲೆ ಹಗೆ. ಹೊಸ ಪಿಕ್ಚರ್ ಬಂತೆಂದರೆ ಅಪ್ಪ ಕುರಿಯನ್ನು ಅವ್ವನ ಕೈಗೆ ಒಪ್ಪಿಸಿ ಸೈಕಲ್ ಹತ್ತಿ ಜಮಖಂಡಿಗೆ ಹೋಗುತ್ತಿದ್ದ. ಅವ್ವ ಅವತ್ತು ಅವನಿಗೆ ಊಟಕ್ಕೆ ಬಡಿಸುತ್ತಿರಲಿಲ್ಲ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಬೆಂಗಳೂರಿನಿಂದ ಸಿನಿಮಾದವರು ಬಂದರು. ಉಳಿದುಕೊಂಡದ್ದು ಜಮಖಂಡಿಯಲ್ಲಿ, ಬೆಳಗಾದರೆ ವ್ಯಾನುಗಳಲ್ಲಿ ನಮ್ಮೂರಿಗೆ ಬರುತ್ತಿದ್ದರು. ಕುರಿ ಕಾಯುವ ಮನೆತನದ ಕಥೆ, ಅದರಲ್ಲಿ ಒಬ್ಬ ಹುಡುಗ. ಆ ಹುಡುಗನ ಪಾತ್ರಕ್ಕೆ ಒಂದು ಮಗುವನ್ನು ಬೆಂಗಳೂರಿನಿಂದಲೇ ಕರೆತಂದಿದ್ದರು. ನಮ್ಮ ಕಡೆಯ ಬೇಟೆನಾಯಿಗಳು ಗೊತ್ತಲ್ಲ, ಉದ್ದ ಕಾಲು, ಸಣ್ಣ ಮೋರೆ, ಬಗ್ಗಿದ ಬೆನ್ನು. ಅವು ಬೊಗಳುವುದಕ್ಕಿಂತ ಸುಮ್ಮನೆ ನೋಡುವುದೇ ಹೆಚ್ಚು. ಮೊದಲ ದಿನವೇ ನಮ್ಮ ಮನೆಯ ಎರಡು ನಾಯಿಗಳು ನೋಡಿದ್ದನ್ನು ಕಂಡು ಆ ಹುಡುಗ ವ್ಯಾನಿನ ಒಳಗೆ ಸೇರಿಕೊಂಡ. ಬಿಸ್ಕಿಟ್ ತೋರಿಸಿದರು, ಗದರಿಸಿದರು. ಅವನು ಕಿಟಕಿಯ ಗಾಜನ್ನೂ ಇಳಿಸಲಿಲ್ಲ.

ಹಗ್ಗ ಕಟ್ಟಿದ ಗಡಿಯಲ್ಲಿ ಬೆಳಗಿನಿಂದ ನಿಂತಿದ್ದ ಅಪ್ಪ ನನ್ನ ಬೆನ್ನಿಗೆ ಕೈ ಕೊಟ್ಟು ಮುಂದೆ ನೂಕಿದ.

"ನಮ್ಮ ಹುಡುಗಿ ಅಂಜೂದಿಲ್ರಿ ಸಾಹೇಬ್ರ. ನಾಯಿ ಜೋಡಿನ ಬೆಳದಾಳ."

ನಾನು ಸೀಟಿ ಹೊಡೆದೆ. ಎರಡೂ ನಾಯಿ ಓಡಿ ಬಂದು ನನ್ನ ಎರಡೂ ಬದಿಗೆ ನಿಂತವು. ನಿರ್ದೇಶಕ ಕುರ್ಚಿಯಿಂದ ಎದ್ದು ಬಂದು ನನ್ನ ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಅವನಿಗೆ ಗೌರವದ ಬಹುವಚನ ಬಳಸಬೇಕೆಂದು ಇದನ್ನು ಬರೆಯಲು ಕೂತಾಗ ಪ್ರಯತ್ನಿಸಿದೆ. ಕೈ ಬರಲಿಲ್ಲ.

"ಕೂದಲು ತೆಗೆದರೆ ಹುಡುಗನೇ," ಅಂದ.

ಅಪ್ಪ "ಹೂಂ ರಿ" ಅಂದ. ಅಷ್ಟೇ. ಅವನು ತನ್ನ ಜೀವನದಲ್ಲಿ ಅಷ್ಟು ಬೇಗ ಯಾವುದಕ್ಕೂ ಹೂಂ ಅಂದದ್ದನ್ನು ನಾನು ನೋಡಿಲ್ಲ.

ಆ ಕೂದಲು ನನ್ನದಾಗಿರಲಿಲ್ಲ. ತೊಟ್ಟಿಲಲ್ಲಿದ್ದಾಗ ನನಗೆ ಜ್ವರ ಬಂದು ಕಣ್ಣು ಮೇಲಾಗಿದ್ದವಂತೆ. ಅವ್ವ ಬೀರೇಶ್ವರನ ಗುಡಿಯ ಮುಂದೆ ನನ್ನನ್ನು ಮಲಗಿಸಿ ಹರಕೆ ಹೊತ್ತಿದ್ದಳು: ಒಂಬತ್ತನೆಯ ವರ್ಷಕ್ಕೆ ಕಾಲಿಡುವವರೆಗೆ ಕತ್ತರಿ ಮುಟ್ಟಿಸುವುದಿಲ್ಲ, ಆಮೇಲೆ ಇಡೀ ಕೂದಲು ದೇವರಿಗೆ. ಬೇವಿನೆಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಸೊಂಟ ದಾಟುವ ಜಡೆ ಹೆಣೆಯುವುದು ಅವಳ ದಿನದ ಮೊದಲ ಕೆಲಸ. ಆ ಹೊತ್ತಿನಲ್ಲಿ ನಾನು ಅಲುಗಾಡಿದರೆ ಹಣಿಗೆಯಿಂದಲೇ ತಲೆಗೆ ಕುಟ್ಟುತ್ತಿದ್ದಳು. ದೇವರಿಗೆ ಕೊಡುವ ದಿನ ಬರಲು ಕೆಲವೇ ತಿಂಗಳು ಉಳಿದಿದ್ದವು.

ವ್ಯಾನಿನ ಹಿಂದೆ ಸ್ಟೂಲಿನ ಮೇಲೆ ಕೂರಿಸಿ ಮೇಕಪ್ಪಿನವನು ಕತ್ತರಿಸಿದ. ನನಗೆ ದುಃಖವೇನೂ ಆಗಲಿಲ್ಲ. ತಲೆ ಹಗುರಾಯಿತು, ಕುತ್ತಿಗೆಗೆ ಗಾಳಿ ಬಡಿಯಿತು, ಖುಷಿಯಾಯಿತು. ಅಷ್ಟರಲ್ಲಿ ಯಾರೋ ಹೊಲಕ್ಕೆ ಸುದ್ದಿ ಮುಟ್ಟಿಸಿದ್ದರು. ಅವ್ವ ಕುಡುಗೋಲು ಹಿಡಿದುಕೊಂಡೇ ಬಂದಳು. ಓಡಿ ಬರಲಿಲ್ಲ, ನಡೆದು ಬಂದಳು. ಜನ ತಾವಾಗಿಯೇ ದಾರಿ ಬಿಟ್ಟರು.

"ಯಾರನ್ನ ಕೇಳಿ ಕತ್ತರಿಸೀರಿ?"

ಮೇಕಪ್ಪಿನವನು ನಿರ್ದೇಶಕನ ಕಡೆ ನೋಡಿದ. ನಿರ್ದೇಶಕ ನಕ್ಕ. ಸಿಟ್ಟಾದ ಹೆಂಗಸರನ್ನು ಸಮಾಧಾನ ಮಾಡಲು ಕೆಲವು ಗಂಡಸರು ಒಂದು ನಗೆ ಇಟ್ಟುಕೊಂಡಿರುತ್ತಾರೆ, ಅದನ್ನು ನಕ್ಕ.

"ಕೂದಲು ತಾನೇ ಅಮ್ಮ. ಮತ್ತೆ ಬೆಳೆಯುತ್ತೆ ಬಿಡಿ."

ಅವ್ವ ಕುಡುಗೋಲನ್ನು ಕೆಳಗಿಟ್ಟಳು. ಆಮೇಲೆ ಹೊಡೆದಳು. ಅವನ ಕನ್ನಡಕ ಹಾರಿ ಹೋಗಿ ಕುರಿ ಹಿಕ್ಕೆಯಲ್ಲಿ ಬಿತ್ತು. ಹಗ್ಗದ ಆಚೆ ನಿಂತು ಇಡೀ ಊರು ನೋಡಿತು, ಈಚೆ ನಿಂತು ಇಡೀ ಬೆಂಗಳೂರು ನೋಡಿತು. ಅಪ್ಪ ಬಂದು ಅವಳ ತೋಳು ಹಿಡಿದ. ಅವಳು ಅದನ್ನು ಕೊಡವಿಕೊಂಡು, "ನಿನಗ ಮನ್ಯಾಗ ಐತಿ," ಅಂದಳು. ನೆಲದಲ್ಲಿ ಬಿದ್ದಿದ್ದ ಕೂದಲನ್ನು ಸೆರಗಿಗೆ ಕಟ್ಟಿಕೊಂಡು ನೇರ ಗುಡಿಗೆ ಹೋದಳು. ಪೂಜಾರಿ ಮುದುಕ ಅದನ್ನು ಮುಟ್ಟಲಿಲ್ಲ. "ದೇವರ ಮುಂದ ತಗೀಬೇಕಾಗಿತ್ತವ್ವಾ. ಪರರ ಕೈಯಾಗ ಆಗಿದ್ದು ನಡಿಯೂದಿಲ್ಲ," ಎಂದನಂತೆ.

ಆ ರಾತ್ರಿ ಮನೆಯಲ್ಲಿ ಏನಾಯಿತೆಂದು ಹೇಳುವ ಅಗತ್ಯವಿಲ್ಲ. ಬೆಳಿಗ್ಗೆ ಹಿರಿಯರು ಬಂದು ಅವ್ವನನ್ನು ಒಪ್ಪಿಸಲು ಕೂತರು. ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು: "ಕೂದಲಾ ಹೋಗೇತಿ. ಇನ್ನ ಏನ ಒಯ್ತಾರೋ ಒಯ್ಯಲಿ."

ನಾನು ನಟಿಸಿದೆ. ನಿಜ ಹೇಳಬೇಕೆಂದರೆ ಆ ದಿನಗಳಷ್ಟು ಸುಖವನ್ನು ನಾನು ಬಾಲ್ಯದಲ್ಲಿ ಬೇರೆಲ್ಲೂ ಕಾಣಲಿಲ್ಲ. ನಿರ್ದೇಶಕ ನನಗೆ ಒಂದೇ ಮಾತು ಕಲಿಸಿದ: "ನಿಮ್ಮ ಮನೇಲಿ ಹೇಗೆ ಹೇಳ್ತೀಯೋ ಹಾಗೇ ಹೇಳು." ಕುರಿಮರಿ ಕಳೆದುಹೋದ ದೃಶ್ಯದಲ್ಲಿ ನಾನು ಗುಡ್ಡ ಇಳಿದು ಓಡಿ ಬಂದು, "ಯಪ್ಪಾ, ಮರಿ ಕಳದೈತಿ!" ಎಂದು ಕಿರುಚಿದೆ. ಅಲ್ಲಿದ್ದ ನಮ್ಮೂರ ಹೆಂಗಸರು ಕಣ್ಣೊರೆಸಿಕೊಂಡರು. ಕೆಲಸವಿಲ್ಲದಾಗ ನಾನು ಕ್ಯಾಮೆರಾದ ಪಕ್ಕದಲ್ಲೇ ಕೂರುತ್ತಿದ್ದೆ. ಇಷ್ಟಗಲದ ಬಯಲಿನಲ್ಲಿ ಯಾವ ತುಂಡು ಒಳಗೆ, ಯಾವುದು ಹೊರಗೆ ಎಂದು ಒಬ್ಬ ಮನುಷ್ಯ ಬೆರಳು ತೋರಿಸಿ ನಿರ್ಧರಿಸುತ್ತಿದ್ದ, ಉಳಿದವರೆಲ್ಲ ಅದಕ್ಕೆ ತಕ್ಕಂತೆ ಸರಿಯುತ್ತಿದ್ದರು. ಆ ಬೆರಳು ನನಗೆ ಬೇಕೆನ್ನಿಸಿತು.

ಚಿತ್ರೀಕರಣ ಮುಗಿಸಿ ಹೋಗುವಾಗ ನಿರ್ದೇಶಕ, ದನಿ ಕೊಡಲು ಬೆಂಗಳೂರಿಗೆ ಕರೆಸುತ್ತೇನೆ ಅಂದ. ಚಿತ್ರೀಕರಣದಲ್ಲಿ ಹಿಡಿದ ಮಾತು ಕಚ್ಚಾ ಮಾತು, ಅದನ್ನು ಮತ್ತೆ ಸ್ಟುಡಿಯೋದಲ್ಲಿ ನಿಂತು ಹೇಳಬೇಕು ಎಂದು ವಿವರಿಸಿದ. ಅಪ್ಪ ಮುಧೋಳದಲ್ಲಿದ್ದ ತನ್ನ ಗೆಳೆಯನ ಫೋನ್ ಬೂತಿನ ನಂಬರು ಕೊಟ್ಟ. ನಾನು ಕುರಿಗಳ ಮುಂದೆ ನಿಂತು ನನ್ನ ಮಾತುಗಳನ್ನೆಲ್ಲ ಮತ್ತೆ ಮತ್ತೆ ಹೇಳಿ ಗಟ್ಟಿ ಮಾಡಿಕೊಂಡೆ. ಸಂತೆಗೆ ಹೋದಾಗಲೆಲ್ಲ ಅಪ್ಪ ಬೂತಿಗೆ ಹೋಗಿ ಕೇಳಿ ಬರುತ್ತಿದ್ದ. ಫೋನ್ ಬರಲಿಲ್ಲ. ಪಿಕ್ಚರ್ ಬಂತು.

ಜಮಖಂಡಿಯ ಟಾಕೀಸಿಗೆ ಇಡೀ ಊರು ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಹೋಯಿತು. ಅವ್ವ ಬರಲಿಲ್ಲ. ನನ್ನನ್ನು ಮುಂದಿನ ಸಾಲಿನಲ್ಲಿ ಅಪ್ಪನ ತೊಡೆಯ ಮೇಲೆ ಕೂರಿಸಿದರು. ಪರದೆಯ ಮೇಲೆ ನಾನು ಬಂದ ಕೂಡಲೇ ಸೀಟಿ, ಚಪ್ಪಾಳೆ. ಆಮೇಲೆ ನಾನು ಬಾಯಿ ತೆರೆದೆ.

"ಅಪ್ಪಾಜಿ, ಮರಿ ಕಳೆದುಹೋಗಿದೆ!"

ಹಾಲಿನಲ್ಲಿ ನೆನೆಸಿದಂತಹ, ಶಾಲೆಯ ವಾರ್ಷಿಕೋತ್ಸವದ ಸ್ವಾಗತ ಭಾಷಣದ ದನಿ. ನನ್ನ ಬಾಯಿ "ಯಪ್ಪಾ" ಎಂದು ಮುಚ್ಚಿಕೊಂಡ ಮೇಲೂ "ಜಿ" ಎಂಬುದು ಗಾಳಿಯಲ್ಲಿ ನೇತಾಡುತ್ತಿತ್ತು. ನಂತರ ಹಿಂದಿನ ಸಾಲಿನಿಂದ ನಗೆ ಎದ್ದು ಮುಂದಿನ ಸಾಲಿನವರೆಗೆ ಬಂತು. ನಮ್ಮೂರಿನವರೂ ನಕ್ಕರು.

"ಲೇ, ಬೆಂಗಳೂರ ಹುಡುಗ ಇಕಿ ಹೊಟ್ಟ್ಯಾಗ ಕುಂತಾನಲೇ!"

ಅದು ನನ್ನೊಬ್ಬಳ ಕಥೆಯಾಗಿರಲಿಲ್ಲ. ಪಿಕ್ಚರಿನಲ್ಲಿ ಕುರುಬರ ಯಜಮಾನ, ಅವನ ಹೆಂಡತಿ, ಪೂಜಾರಿ, ಎಲ್ಲರೂ ರೇಡಿಯೋ ವಾರ್ತೆ ಓದುವವರಂತೆ ಮಾತಾಡುತ್ತಿದ್ದರು. ನಮ್ಮ ಮಾತನ್ನು ನಮ್ಮ ಮಾತಿನ ಹಾಗೆಯೇ ಉಳಿಸಿದ್ದು ಒಂದೇ ಬಾಯಲ್ಲಿ: ಕುಡಿದು ಬಂದು ಹೆಂಡತಿಯನ್ನು ಬಡಿಯುವವನ ಬಾಯಲ್ಲಿ. ಅವನು "ಏನಲೇ" ಎಂದಾಗಲೆಲ್ಲ ನಗುವಂತೆ ಹಿನ್ನೆಲೆಯಲ್ಲಿ ಕೊಳಲೊಂದು ಕುಂಯ್ ಎನ್ನುತ್ತಿತ್ತು. ಟಾಕೀಸಿನಿಂದ ಹೊರಬಂದಾಗ ನಮ್ಮೂರ ಹಿರಿಯರ ಮುಖದಲ್ಲಿ ನಗುವಿರಲಿಲ್ಲ. ಟ್ರಾಲಿಯಲ್ಲಿ ಯಾರೂ ಅಪ್ಪನ ಜೊತೆ ಮಾತಾಡಲಿಲ್ಲ.

ಅಂದಿನಿಂದ ನನ್ನ ಹೆಸರು "ಅಪ್ಪಾಜಿ" ಆಯಿತು. ಸಾಲಿಯಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಹಿಂದಿನಿಂದ ಯಾರಾದರೂ ಹಾಲುದನಿಯಲ್ಲಿ "ಅಪ್ಪಾಜಿ" ಅನ್ನುತ್ತಿದ್ದರು. ಕೂದಲು ಮೊಳ ಬೆಳೆಯುವವರೆಗೆ ಹುಡುಗ ಎಂದರು, ಬೆಳೆದ ಮೇಲೂ ಅಪ್ಪಾಜಿ ಎಂದರು. ಅದೇ ವರ್ಷ ನನಗೆ ಬಾಲನಟಿಯ ಪ್ರಶಸ್ತಿ ಬಂತು. ಪೇಪರಿನಲ್ಲಿ ಫೋಟೋ ಬಂತು. ಜಮಖಂಡಿಯಲ್ಲಿ ಪಿಯುಸಿ ಓದುವಾಗ, ವಧುಪರೀಕ್ಷೆಗೆಂದು ಬಂದ ಬನಹಟ್ಟಿಯ ಮನೆತನವೊಂದು ನನ್ನ ಮುಖವನ್ನು ದಿಟ್ಟಿಸಿ, "ಪಿಕ್ಚರದಾಗ ಹುಡುಗ ಆಗಿದ್ದಾಕಿ ಇಕಿನ ಅಲ್ಲೇನ್ರಿ?" ಎಂದು ಕೇಳಿ, ಅವಲಕ್ಕಿಯನ್ನು ಮುಗಿಸಿ ಎದ್ದು ಹೋಯಿತು. ಅದು ನನಗೆ ಅನುಕೂಲವೇ ಆಯಿತು ಎಂಬುದು ಬೇರೆ ಮಾತು.

ನಮ್ಮ ಮಾತು ಒರಟು, ಅದಕ್ಕೇ ನನ್ನ ದನಿ ತೆಗೆದರು ಎಂದೇ ನಾನು ನಂಬಿದ್ದೆ. ಡಿಗ್ರಿ ಮುಗಿಸಿ, ಅವ್ವನ ಜೊತೆ ಜಗಳವಾಡಿ, ಬೆಂಗಳೂರಿಗೆ ಹೋಗಿ ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕಿಯಾಗಿ ಸೇರಿಕೊಂಡಾಗಲೂ ಅದನ್ನೇ ನಂಬಿದ್ದೆ. ಅಲ್ಲಿ ನಾನು ಬಾಯಿ ಬಿಟ್ಟರೆ ಲೈಟಿನವರಿಂದ ಹಿಡಿದು ನಾಯಕನವರೆಗೆ ಎಲ್ಲರೂ "ಹೌದ್ರಿ, ಬರ್ರಿ, ಹೋಗ್ರಿ" ಎಂದು ನನ್ನನ್ನೇ ನನಗೆ ನಟಿಸಿ ತೋರಿಸುತ್ತಿದ್ದರು. ನಾನು ನಗಲಿಲ್ಲ. ನಗದವಳು ಎಂಬ ಹೆಸರೂ ಬಂತು. ಕೆಲಸ ಮಾತ್ರ ಕಲಿತೆ. ನನ್ನನ್ನು ಸಹಿಸದವರೂ ಕೆಲಸಕ್ಕೆ ಕರೆಯಲೇಬೇಕಾಗುವಷ್ಟು ಕಲಿತೆ.

ಒಮ್ಮೆ ಒಂದು ಧಾರಾವಾಹಿಯ ನಾಯಕಿಗೆ ದನಿ ಕೊಡಲು ನನ್ನದೇ ವಯಸ್ಸಿನ ಹೆಂಗಸೊಬ್ಬಳು ಬಂದಳು. ಒಳ್ಳೆಯ ಕೆಲಸಗಾರ್ತಿ. ಟೀ ಕುಡಿಯುವಾಗ, ಚಿಕ್ಕಂದಿನಿಂದಲೂ ಇದೇ ಕೆಲಸ ಎಂದಳು. ಮೊದಲು ಯಾರಿಗೆ ದನಿ ಕೊಟ್ಟಿರಿ ಎಂದು ಯಾರೋ ಕೇಳಿದರು. ಅವಳು ಕಪ್ಪನ್ನು ಕೆಳಗಿಟ್ಟು, ಕತ್ತು ನೆಟ್ಟಗೆ ಮಾಡಿ, ಎಳೆಯ ದನಿಯಲ್ಲಿ ಹೇಳಿದಳು: "ಅಪ್ಪಾಜಿ, ಮರಿ ಕಳೆದುಹೋಗಿದೆ!"

ಎಲ್ಲರೂ ಹೋದ ಮೇಲೆ ಅವಳ ಬಳಿ ಹೋಗಿ ನಾನು ಯಾರೆಂದು ಹೇಳಿದೆ. ಅಪ್ಪಿಕೊಳ್ಳುತ್ತಾಳೆಂದು ನಿರೀಕ್ಷಿಸಿದ್ದೆನೇನೋ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಓ, ನೀನಾ? ಪೇಪರಲ್ಲಿ ನಿನ್ನ ಫೋಟೋ ನೋಡಿ ಹರಿದು ಹಾಕಿದ್ದೆ ನಾನು. ನನ್ನ ಹೆಸರು ಟೈಟಲ್ಲಲ್ಲೂ ಇರಲಿಲ್ಲ. ನಾನು ಮಾತಾಡಿದ್ದಕ್ಕೆ ನಿಂಗೆ ಪ್ರಶಸ್ತಿ."

"ನಿಮ್ಮ ದನಿಯಿಂದ ನಾನು ಊರಲ್ಲಿ ತಲೆ ಎತ್ತಲಿಲ್ಲ," ಅಂದೆ ನಾನು.

"ಅದಕ್ಕೆ ನಾನೇನು ಮಾಡ್ಲಿ? ನಂಗೆ ಹತ್ತು ವರ್ಷ. ಹೇಳು ಅಂದ್ರು, ಹೇಳ್ದೆ." ಆಮೇಲೆ, ಬ್ಯಾಗಿನ ಜಿಪ್ ಎಳೆಯುತ್ತಾ, ಏನೋ ಚಿಲ್ಲರೆ ವಿಷಯವೆಂಬಂತೆ ಹೇಳಿದಳು: "ನಿನ್ನ ದನಿ ಕಿವೀಲಿ ಕೇಳಿಸ್ಕೊಂಡೇ ನಾನು ಹೇಳಿದ್ದು, ಗೊತ್ತಾ? ಚೆನ್ನಾಗೇ ಇತ್ತು. ಸೌಂಡ್ ಇಂಜಿನಿಯರ್ ಹೇಳಿದ್ರು, ಸಾರ್, ಈ ಮಗೂನೇ ಕರೆಸಿ, ಭಾಷೇನೂ ಹೀಗೇ ಇರ್ಲಿ, ಎಷ್ಟು ಜೀವ ಇದೆ ಅಂತ. ಅದಕ್ಕೆ ನಿರ್ದೇಶಕರು, ಮಗು ಬಂದ್ರೆ ಅವರಮ್ಮನೂ ಬರ್ತಾಳೆ, ಇನ್ನೊಂದು ಏಟು ತಿನ್ನೋಕೆ ನಾನು ರೆಡಿ ಇಲ್ಲ ಅಂದ್ರು. ಎಲ್ರೂ ನಕ್ರು. ನಿನ್ನೊಬ್ಬಳದ್ದೇ ಬೆಂಗಳೂರು ಕನ್ನಡ ಆದ್ರೆ ಚೆನ್ನಾಗಿರಲ್ಲ ಅಂತ ಆಮೇಲೆ ಎಲ್ಲರದ್ದೂ ಬದಲಾಯಿಸಿದ್ರು."

ಅವಳು ಹೋದಳು. ನಂತರ ಎಷ್ಟೋ ಸಲ ಸ್ಟುಡಿಯೋಗಳಲ್ಲಿ ಎದುರಾಗಿದ್ದೇವೆ. ತಲೆಯಾಡಿಸುತ್ತೇವೆ, ಅಷ್ಟೇ.

ನಾನು ಅವತ್ತೇ ರಜೆ ಹಾಕಿ ಊರಿಗೆ ಬಸ್ಸು ಹತ್ತಿದೆ. ಅವ್ವನಿಗೆ ಇದನ್ನು ಹೇಳಬೇಕು, ಹೇಳಿ ಅವಳ ಮುಖ ನೋಡಬೇಕು ಎನ್ನಿಸಿತ್ತು. ಒಂದು ಏಟಿನಿಂದ ನನ್ನ ದನಿ ಹೋಯಿತು, ಊರಿನ ಮಾನ ಹೋಯಿತು ಎಂದು ಅವಳಿಗೆ ಗೊತ್ತಾಗಬೇಕಿತ್ತು. ಅವಳು ಹಿತ್ತಲಲ್ಲಿ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಹಂಗಂದನ ಅಂವಾ?"

"ಹೂಂ."

"ಹಂಗಾದ್ರ ಒಂದ ಹೊಡದದ್ದು ಕಡಿಮಿ ಆತು."

"ಅವ್ವಾ, ನಿನಗ ಏನೂ ಅನಸೂದಿಲ್ಲೇನು? ನೀ ಸುಮ್ನ ಇದ್ದಿದ್ರ ನನ್ನ ದನಿ ಇರ್ತಿತ್ತು."

ಅವಳು ಮೊರ ಕೆಳಗಿಟ್ಟಳು. "ನಾ ಸುಮ್ನ ಇರಬೇಕಾಗಿತ್ತು? ದೇವರದು ಕತ್ತರಿಸಿ ಮಣ್ಣಾಗ ಒಗದ್ರ ನಾ ಸುಮ್ನ ಇದ್ದು, ನಿನಗ ಪಿಕ್ಚರದಾಗ ಒದರಾಕ ಕೊಡಬೇಕಾಗಿತ್ತು? ಬದಕಿ ಉಳದಿ ಅಲ್ಲ, ಆ ಕೂದಲಿನ ಮ್ಯಾಲ ಉಳದಿ. ಹೋಗು, ಅವನ ಹಂತೇಕ ಹೋಗು. ನಿನಗ ಅಂವನ ಬೇಕು."

ಒಳಗೆ ಹೋದಳು. ನಾನು ಊಟ ಮಾಡದೆ ಮುಧೋಳಕ್ಕೆ ವಾಪಸ್ಸಾಗಿ ಬೆಂಗಳೂರಿನ ಬಸ್ಸು ಹಿಡಿದೆ. ಬಹಳ ಕಾಲ ನಾವು ಮಾತಾಡಲಿಲ್ಲ. ಅಪ್ಪ ನಡುವೆ ಫೋನ್ ಮಾಡಿ ಮಳೆ ಬೆಳೆ ಹೇಳುತ್ತಿದ್ದ.

ನನ್ನ ಸ್ವಂತ ಸಿನಿಮಾ ಮಾಡುವ ಅವಕಾಶ ಬಂದಾಗ ನಾನು ಬರೆದದ್ದು ಕುರಿಗಾಹಿ ಹೆಂಗಸೊಬ್ಬಳ ಕಥೆ. ಇಡೀ ಸಿನಿಮಾ ನಮ್ಮ ಮಾತಿನಲ್ಲಿ, ಮತ್ತು ಮಾತನ್ನು ಸ್ಥಳದಲ್ಲೇ ಹಿಡಿಯುವುದು, ಸ್ಟುಡಿಯೋದಲ್ಲಿ ಯಾರೂ ಯಾರಿಗೂ ದನಿ ಕೊಡುವಂತಿಲ್ಲ ಎಂಬ ನಿಯಮ. ನಾಯಕಿಯಾಗಿ ನಾಟಕ ಕಂಪನಿಯೊಂದರ ಹಳೆಯ ನಟಿಯನ್ನು ಆರಿಸಿದೆ. ನಿರ್ಮಾಪಕರು ಮುಖ ಕಿವುಚಿದರು. "ಸ್ವಲ್ಪ ಎಲ್ಲರಿಗೂ ಅರ್ಥವಾಗೋ ಕನ್ನಡ ಹಾಕಿ ಮೇಡಂ," ಅಂದರು. ನಮಗೆ ನಿಮ್ಮದು ಇಷ್ಟು ವರ್ಷ ಅರ್ಥವಾಗಿಲ್ಲವೇ ಎಂದು ಕೇಳಿದೆ. ಅವರು ಆ ಮಾತು ಬಿಟ್ಟರು, ನನ್ನ ಮೇಲಿನ ಅಸಮಾಧಾನ ಬಿಡಲಿಲ್ಲ.

ನಮ್ಮೂರಿನಲ್ಲೇ ತೆಗೆಯಬೇಕೆಂದು ಹೋದೆ. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ನಾನು ಕಥೆ ಹೇಳಿದೆ. ಕೊನೆಗೆ ನನ್ನ ದೊಡ್ಡಪ್ಪನ ಸಮಾನರಾದ ಒಬ್ಬರು ಕೇಳಿದರು:

"ಮತ್ತ ನಮ್ಮನ್ನ ಕುಡುಕರ ಮಾಡಾಕ ಬಂದೀಯೇನವ್ವಾ?"

"ಇಲ್ರಿ. ಈ ಸಲ ಹಂಗ ಆಗೂದಿಲ್ಲ."

"ಅಂವಾನೂ ಹಂಗ ಅಂದಿದ್ದ."

ಹೆಂಗಸರ ನಡುವಿನಿಂದ ಅವ್ವ ಎದ್ದು ನಿಂತಳು. "ನನ್ನ ಮಗಳ ಅಂತ ಹೇಳಿ ಯಾರೂ ಹೂಂ ಅನಬ್ಯಾಡ್ರಿ. ನಾ ಒಲ್ಲೆ ಅಂತೇನಿ," ಎಂದಳು. ಅಲ್ಲಿಗೆ ಮುಗಿಯಿತು. ಅಪ್ಪ ತಲೆ ಎತ್ತದೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತಾ ಕೂತಿದ್ದ. ನನ್ನ ಪರವಾಗಿ ಅವನು ಒಂದು ಮಾತೂ ಆಡಲಿಲ್ಲ. ಅದಕ್ಕೆ ಅವನನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಬೀಳಗಿ ಕಡೆಯ, ಅಣೆಕಟ್ಟಿನ ಹಿನ್ನೀರಿನ ದಂಡೆಯ ಒಂದು ಊರು ಒಪ್ಪಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಲ್ಲಿ ಹಸಿರು ಬಯಲು ತೆರೆದುಕೊಳ್ಳುತ್ತದೆ, ದೂರದ ಕುರಿಹಿಂಡುಗಳು ಅಲ್ಲಿಗೆ ಬರುತ್ತವೆ. ನೆಲ ಮುಳುಗಿಸಿಕೊಂಡ ಜನ, ಮೊದಲೇ ಹೊರಗಿನವರನ್ನು ನಂಬದವರು. ಬೇಡ ಎನ್ನಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ನಾವು ಕೇಳಿದ ಮನೆಯ ಬಾಗಿಲು ಬೆಳಿಗ್ಗೆ ತೆರೆದಿದ್ದರೆ ಮಧ್ಯಾಹ್ನ ಮುಚ್ಚಿರುತ್ತಿತ್ತು. ಸ್ಥಳದ ದನಿ ಹಿಡಿಯುವುದೆಂದರೆ ಏನೆಂದು ಅಲ್ಲಿ ಗೊತ್ತಾಯಿತು. ಪಂಪ್‌ಸೆಟ್ಟು, ಕಬ್ಬಿನ ಟ್ರ್ಯಾಕ್ಟರಿನ ಹಾಡು, ಎಲ್ಲವನ್ನೂ ಕೈ ಮುಗಿದು ನಿಲ್ಲಿಸಬೇಕು. ಅದೂ ಸಾಲದೆಂಬಂತೆ ಸುದ್ದಿ ತಿಳಿದು ಮುಧೋಳದಿಂದ ನನ್ನ ಸಾಲಿಯ ಜೊತೆಗಾರರು ಕೆಲವರು ಬೈಕಿನಲ್ಲಿ ಬಂದರು. ಈಗ ಹೊಟ್ಟೆ ಬಂದ, ಮಕ್ಕಳಿರುವ ಗಂಡಸರು. ಟೇಕ್ ನಡೆಯುವಾಗ ದಂಡೆಯ ಮೇಲೆ ನಿಂತು, ಹಾಲುದನಿಯಲ್ಲಿ "ಅಪ್ಪಾಜೀ" ಎಂದು ಕೂಗಿದರು. ನಾನು ಕಲ್ಲು ಎತ್ತಿಕೊಂಡು ಓಡಿದೆ. ಅವರು ನಗುತ್ತಾ ಬೈಕ್ ಹತ್ತಿದರು. ಕಲ್ಲು ಒಬ್ಬನ ನಂಬರ್ ಪ್ಲೇಟಿಗೆ ಬಿತ್ತು. ಆ ಶಬ್ದವೂ ರೆಕಾರ್ಡಾಯಿತು.

ಕೊನೆಯ ವಾರದ ಒಂದು ಮಧ್ಯಾಹ್ನ ಅವ್ವ ಬಂದಳು. ಟಂಟಂ ಆಟೋದಿಂದ ಇಳಿದು ಬಿಸಿಲಲ್ಲಿ ನಡೆದು ಬರುತ್ತಿದ್ದುದನ್ನು ದೂರದಿಂದಲೇ ಗುರುತಿಸಿದೆ. ಅವತ್ತು ತೆಗೆಯುತ್ತಿದ್ದ ದೃಶ್ಯದಲ್ಲಿ ನಾಯಕಿ, ತನ್ನ ಕುರಿಗಳನ್ನು ದೊಡ್ಡಿಗೆ ಹಾಕಿದ ಅಧಿಕಾರಿಯೊಬ್ಬನಿಗೆ ಹೊಡೆಯಬೇಕಿತ್ತು. ಅಂಥ ದೃಶ್ಯವಿದೆ ಎಂಬ ಸುದ್ದಿ ಮೊದಲೇ ಬಾಯಿಂದ ಬಾಯಿಗೆ ದಾಟಿ ನಮ್ಮೂರಿಗೆ ತಲುಪುವಷ್ಟರಲ್ಲಿ "ನಿನ್ನ ಮ್ಯಾಲನ ಪಿಕ್ಚರ್ ತಗ್ಯಾಕತ್ತಾಳ" ಎಂದಾಗಿತ್ತು. ಪೂರ್ತಿ ಸುಳ್ಳೂ ಅಲ್ಲ.

ಅವಳು ಯಾರನ್ನೂ ಕೇಳದೆ ಚೌಕಟ್ಟಿನ ನಡುವೆ ಬಂದು ನಿಂತಳು. ಮೈಕು ನಾಯಕಿಯ ತಲೆಯ ಮೇಲಿತ್ತು. ಅದು ಈಗ ಅವ್ವನ ತಲೆಯ ಮೇಲಾಯಿತು.

"ಅಂವಾ ನನ್ನ ಮಗಳ ಕೂದಲಾ ಒಯ್ದ. ನೀ ನನ್ನ ಸಿಟ್ಟ ಒಯ್ಯಾಕ ಬಂದಿ. ಅಂವಗೂ ನಿನಗೂ ಏನ ಫರಕ ಐತಿ ಹೇಳ? ಅಂವಾ ಕೇಳಲಿಲ್ಲ, ನೀ ಕೇಳಿದೆ? ನಾ ಹೊಡದದ್ದು ಪಿಕ್ಚರಕ್ಕಲ್ಲ. ಹೊಟ್ಟಿ ಉರದು ಹೊಡದದ್ದು. ಆ ಉರಿ ನಿನ್ನ ನಾಟಕದಾಕಿಗೆ ಹೆಂಗ ಬರ್ತೈತಿ? ಆಕಿ ಮಗಳಿಗೆ ಜ್ವರಾ ಬಂದಿತ್ತೇನು? ಆಕಿ ಗುಡಿ ಕಲ್ಲಿನ ಮ್ಯಾಲ ಮಗಳನ್ನ ಮಲಗಿಸಿದ್ದಳೇನು?"

ಇದು ಅವಳಾಡಿದ್ದರ ಒಂದು ತುಣುಕು. ಇದನ್ನು ಬರೆಯಲು ಅವಳ ಅಡ್ಡಿಯಿಲ್ಲ. ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಅವಳ ನಂಬಿಕೆ. ಅವಳು ಮಾತಾಡುತ್ತಲೇ ಹೋದಳು. ಹಿಂದೆ ಹಿನ್ನೀರು, ಚದುರಿದ ಕುರಿಗಳು, ಗಾಳಿಗೆ ಹಾರುವ ಸೆರಗು. ಮಗಳಾಗಿ ನಾನು ಸುಟ್ಟುಹೋಗುತ್ತಿದ್ದೆ, ಆದರೆ ನನ್ನೊಳಗಿನ ಇನ್ನೊಬ್ಬಳು ಬೆಳಕು ನೋಡುತ್ತಿದ್ದಳು. ನಾಟಕ ಕಂಪನಿಯ ನಟಿ ತಾನಾಗಿಯೇ ಹಿಂದೆ ಸರಿದು ಜಾಗ ಬಿಟ್ಟಿದ್ದಳು. ಛಾಯಾಗ್ರಾಹಕ ಕ್ಯಾಮೆರಾ ನಿಲ್ಲಿಸಿರಲಿಲ್ಲ.

ಅವಳು ಸುಸ್ತಾಗಿ ನಿಂತಾಗ ಛಾಯಾಗ್ರಾಹಕ ನನ್ನ ಕಿವಿಯಲ್ಲಿ, "ಇದೇ ಸಿನಿಮಾ ಮೇಡಂ. ಉಳಿದದ್ದೆಲ್ಲ ಬಿಸಾಕಿದರೂ ಪರವಾಗಿಲ್ಲ," ಅಂದ. ಅವನು ಹೇಳಿದ್ದು ಸರಿಯಾಗಿತ್ತು. ನಾನು ಅವ್ವನ ಬಳಿ ಹೋದೆ. ನೀರು ಕೊಟ್ಟೆ, ಕುಡಿಯಲಿಲ್ಲ.

"ಅವ್ವಾ, ನೀ ಈಗ ಮಾತಾಡಿದ್ದು ಇದರಾಗ ಬಂದೈತಿ. ಪಿಕ್ಚರದಾಗ ಇಡ್ಲೇನು?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೈಕಿನ ಕಡೆ ನೋಡಿದಳು, ಕ್ಯಾಮೆರಾದ ಕಡೆ ನೋಡಿದಳು.

"ಒಲ್ಲೆ."

"ನಿನ್ನ ದನೀನ ಇರ್ತೈತಿ. ಯಾರೂ ಬದಲಿ ಮಾಡೂದಿಲ್ಲ."

"ಒಲ್ಲೆ ಅಂದ್ನೆಲ್ಲ. ಅಳಸು. ನನ್ನ ಮುಂದ ಅಳಸು."

ಆ ಕ್ಷಣದಲ್ಲಿ ನಾನು ಅವಳನ್ನು ದ್ವೇಷಿಸಿದೆ. ಬೇರೆ ಪದವಿಲ್ಲ. ನನ್ನ ಬದುಕಿನಲ್ಲಿ ನಾನು ಕಂಡ ಅತ್ಯುತ್ತಮ ದೃಶ್ಯ ನನ್ನ ಕೈಯಲ್ಲಿತ್ತು, ಅದನ್ನು ಕಿತ್ತುಕೊಳ್ಳುವವಳು ಮತ್ತೆ ಇವಳೇ. ಅಳಿಸಿದಂತೆ ನಟಿಸಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ರೆಕಾರ್ಡಿಸ್ಟ್ ಕಣ್ಣಲ್ಲೇ ಅದನ್ನು ಸೂಚಿಸಿದ. ನಾನು ಅಳಿಸು ಎಂದೆ. ದೊಡ್ಡ ಮನಸ್ಸಿನಿಂದಲ್ಲ. ಅವಳು ಎದುರಿಗೆ ನಿಂತಿದ್ದಳು, ನನಗೆ ಅವಳ ಹೆದರಿಕೆ ಇತ್ತು.

ಅವ್ವ ಅದಾದ ಮೇಲೆ ನೀರು ಕುಡಿದಳು. ನೆರಳಲ್ಲಿ ಕೂತು ನಾಟಕದ ನಟಿಯ ಜೊತೆ ಸೊಂಟನೋವಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿ, ನನಗೆ ಹೋಗಿ ಬರುತ್ತೇನೆ ಎಂದೂ ಹೇಳದೆ ಟಂಟಂ ಹತ್ತಿದಳು. ಮರುದಿನ ಆ ಹೊಡೆಯುವ ದೃಶ್ಯವನ್ನು ನಾವು ತೆಗೆದೆವು. ನಟಿ ಕಷ್ಟಪಟ್ಟಳು. ಬಿಡುಗಡೆಯಾದ ಮೇಲೆ ವಿಮರ್ಶೆ ಬರೆದವರು ಬಹುಪಾಲು ಒಳ್ಳೆಯದನ್ನೇ ಬರೆದರು, ಆದರೆ ಆ ದೃಶ್ಯವೊಂದು ಸಪ್ಪೆ ಎಂದರು. ಸಪ್ಪೆಯೇ.

ಜಮಖಂಡಿಯಲ್ಲಿ ಸಿನಿಮಾ ಒಂದು ವಾರ ನಡೆಯಿತು. ನಮ್ಮೂರಿನಿಂದ ಟ್ರಾಲಿಗಳೇನೂ ಹೊರಡಲಿಲ್ಲ. ಒಬ್ಬೊಬ್ಬರೇ ಬಂದು, ನೋಡಿ, ನನ್ನನ್ನು ಕಂಡರೂ ಕಾಣದಂತೆ ಹೋದರು. ಕಟ್ಟೆಯ ಮೇಲೆ ನನ್ನನ್ನು ಪ್ರಶ್ನಿಸಿದ್ದ ಹಿರಿಯರು ಮಾತ್ರ ಟಾಕೀಸಿನ ಬಾಗಿಲಲ್ಲಿ ನಿಂತು, "ಮಾತ ಖರೆ ಅದಾವ," ಅಂದರು. ಸ್ವಲ್ಪ ತಡೆದು, "ಆದರೂ ನಮ್ಮ ಊರಾಗ ಬ್ಯಾಡ," ಎಂದರು.

ಹಳೆಯ ನಿರ್ದೇಶಕ ಈಗ ವಯಸ್ಸಾದ, ಶಾಲು ಹೊದ್ದ, ಎಲ್ಲ ವೇದಿಕೆಯಲ್ಲೂ ಕಾಣುವ ಮನುಷ್ಯ. ಒಂದು ಟಿವಿ ಸಂದರ್ಶನದಲ್ಲಿ, ಆ ಮಗುವಿನ ಪ್ರತಿಭೆಯನ್ನು ಮೊದಲು ಗುರುತಿಸಿದವನು ನಾನು, ಅವಳು ನನ್ನ ಶಿಷ್ಯೆ ಎಂದ. ನಾನು ಅವನ ನಂಬರು ಹುಡುಕಿ ಫೋನ್ ಮಾಡಿದೆ.

"ನೀವು ನನಗೆ ಏನೂ ಕಲಿಸಿಲ್ಲ. ಇನ್ನು ಮುಂದೆ ಎಲ್ಲೂ ನನ್ನ ವಿಷಯ ಎತ್ತಬೇಡಿ."

ಆ ಕಡೆಯಿಂದ ಅದೇ ಹಳೆಯ ನಗೆ. "ನಿಮ್ಮಮ್ಮನ ಥರಾನೇ ಮಾತಾಡ್ತೀಯ," ಅಂದ.

"ಹೌದು," ಎಂದು ಫೋನ್ ಇಟ್ಟೆ.

ಕಳೆದ ಸಲ ಊರಿಗೆ ಹೋದಾಗ ಇದನ್ನು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಇನ್ನೂ ಬದಕ್ಯಾನ?" ಎಂದು ಕೇಳಿ ಹಿಟ್ಟಿಗೆ ನೀರು ಚಿಮುಕಿಸಿದಳು. ನನ್ನ ಸಿನಿಮಾವನ್ನು ಅವಳು ನೋಡಿಲ್ಲ, ನೋಡುವುದೂ ಇಲ್ಲ. ನಾನು ನೋಡು ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಊಟಕ್ಕೆ ಕೂತಾಗ ಅಪ್ಪ ಗಂಟಲು ಸರಿಮಾಡಿಕೊಂಡು, ಮುಂದಿನ ಪಿಕ್ಚರಿನಲ್ಲಿ ಮುದುಕನ ಪಾತ್ರ ಏನಾದರೂ ಇದೆಯೇ, ಸಣ್ಣದಾದರೂ ಸಾಕು ಎಂದು ಕೇಳಿದ. ಅವ್ವ ಅವನ ತಾಟಿಗೆ ಹಾಕಲು ಎತ್ತಿದ್ದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು. ನಾನು ಬಸ್ಸಿಗೆ ಹೊರಡುವವರೆಗೂ ಅವರಿಬ್ಬರ ಜಗಳ ನಡೆದೇ ಇತ್ತು.